ಗಾಳಿಯಲ್ಲಿ ಬಟನ್ ಒತ್ತುವ ಕನಸು: ಎಲ್ಲಿಂದ ಬಂತು, ಎಲ್ಲಿ ಸಿಕ್ಕಿಕೊಂಡಿತು

ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಅಂಗಡಿಯ ಮುಂದೆ ಫ್ಯಾನ್ ಒಂದು ತಿರುಗುತ್ತಿತ್ತು. ರೆಕ್ಕೆಯ ಉದ್ದಕ್ಕೂ ಎಲ್‌ಇಡಿ ದೀಪ. ವೇಗಕ್ಕೆ ರೆಕ್ಕೆ ಕಾಣಿಸುವುದಿಲ್ಲ, ಗಾಳಿಯಲ್ಲಿ ತೇಲುವ ಶೂ ಮಾತ್ರ ಕಾಣಿಸುತ್ತದೆ. ಪಕ್ಕದಲ್ಲಿ ನಿಂತಿದ್ದ ಹುಡುಗ "ಹೋಲೋಗ್ರಾಮ್!" ಎಂದು ಕೂಗಿ ಕೈ ಚಾಚಿದ. ಅವನಮ್ಮ ಥಟ್ಟನೆ ಕೈ ಹಿಡಿದು ಹಿಂದಕ್ಕೆ ಎಳೆದರು.

ಈಗ ಎಲ್ಲದಕ್ಕೂ ಹೋಲೋಗ್ರಾಮ್ ಎನ್ನುವುದು ರೂಢಿಯಾಗಿದೆ. 2014ರ ಚುನಾವಣೆಯ ತ್ರೀಡಿ ಸಭೆಗಳೂ ಹೋಲೋಗ್ರಾಮ್, ಕಣ್ಣಿಗೆ ಹಾಕಿಕೊಳ್ಳುವ ಹೆಡ್‌ಸೆಟ್ಟೂ ಹೋಲೋಗ್ರಾಮ್, ಈ ಫ್ಯಾನೂ ಹೋಲೋಗ್ರಾಮ್. ಅದಕ್ಕೇ "ಸಿನಿಮಾದಲ್ಲಿ ತೋರಿಸುವ ಹಾಗೆ ಗಾಳಿಯಲ್ಲಿ ಕೈಯಾಡಿಸಿ ಕಂಪ್ಯೂಟರ್ ನಡೆಸೋದು ಯಾವಾಗ?" ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಅದರಲ್ಲಿ ಮೂರು ಪ್ರಶ್ನೆಗಳು ಗಂಟು ಬಿದ್ದಿವೆ. ಚಿತ್ರ ಬರಿಗಾಳಿಯಲ್ಲಿ ನಿಲ್ಲಬೇಕು. ಕೈ ಏನು ಹೇಳುತ್ತಿದೆ ಎಂದು ಯಂತ್ರಕ್ಕೆ ತಿಳಿಯಬೇಕು. ಒತ್ತಿದ್ದು ಕೈಗೂ ತಿಳಿಯಬೇಕು. ತೆರೆಯ ಮೇಲೆ ಮೂರೂ ಒಟ್ಟಿಗೆ ಬರುತ್ತವೆ. ಹೊರಗೆ ಮೂರಕ್ಕೂ ಬೇರೆ ಬೇರೆ ಚರಿತ್ರೆ ಇದೆ.

ಮೊದಲನೆಯದರ ಕಥೆ ಚಿಕ್ಕದು. ಡೆನಿಸ್ ಗಬೋರ್ 1947ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನು ಸುಧಾರಿಸಲು ಹೋಗಿ ಬೆಳಕಿನ ಅಲೆಗಳನ್ನು ದಾಖಲಿಸಿ ಮೂರು ಆಯಾಮದ ಚಿತ್ರ ಮೂಡಿಸುವ ಹೋಲೋಗ್ರಫಿ ಕಂಡುಹಿಡಿದರು. 1960ರಲ್ಲಿ ಲೇಸರ್ ಬಂತು, 1964ರಲ್ಲಿ ಮಿಶಿಗನ್ನಿನ ಲೀತ್ ಮತ್ತು ಉಪಾಟ್ನಿಕ್ಸ್ ಆಟಿಕೆ ರೈಲೊಂದನ್ನು ಮೂರು ಆಯಾಮದಲ್ಲಿ ತೋರಿಸಿದರು, 1971ರಲ್ಲಿ ಗಬೋರ್‌ಗೆ ನೊಬೆಲ್ ಸಿಕ್ಕಿತು, ಆಮೇಲೆ ಅದು ಕ್ರೆಡಿಟ್ ಕಾರ್ಡಿನ ಹೊಳೆಯುವ ಚೌಕವಾಗಿ ಜೇಬಿಗೆ ಬಂತು. ಆದರೆ ನಿಜವಾದ ಹೋಲೋಗ್ರಾಮ್ ಒಂದು ಕಿಟಕಿಯಿದ್ದ ಹಾಗೆ. ಆ ಫಿಲ್ಮ್ ಅಥವಾ ಗಾಜಿನ ಮೂಲಕ ನೋಡಿದರೆ ಮಾತ್ರ ಚಿತ್ರ. ಬೆಳಕು ಗಾಳಿಯಲ್ಲಿ ತಾನಾಗಿ ನಿಲ್ಲುವುದಿಲ್ಲ. ಅಡುಗೆಮನೆಯ ಹೆಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲು ಕಾಣುವುದು ಒಲೆಯ ಹೊಗೆ, ಧೂಳು ಇರುವುದರಿಂದ. ಏನೂ ಇಲ್ಲದ ಕಡೆ ಬೆಳಕು ನಮ್ಮ ಕಣ್ಣಿನತ್ತ ತಿರುಗುವುದಕ್ಕೆ ಕಾರಣವೇ ಇಲ್ಲ. 2018ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಒಂದೇ ಒಂದು ಕಣವನ್ನು ಲೇಸರಿನಲ್ಲಿ ಹಿಡಿದು, ವೇಗವಾಗಿ ಓಡಾಡಿಸಿ, ಗಾಳಿಯಲ್ಲೇ ಚಿತ್ರ ಬರೆದರು. ಅದ್ಭುತ ಕೆಲಸ. ಚಿತ್ರದ ಅಳತೆ ಮಾತ್ರ ಸೆಂಟಿಮೀಟರ್ ಲೆಕ್ಕದ್ದು. ಇನ್ನು ವೇದಿಕೆಯ ಮೇಲೆ ಕಾಣುವ ನಾಯಕರು, ಗಾಯಕರು ಹೋಲೋಗ್ರಾಮೇ ಅಲ್ಲ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಓರೆಯಾಗಿ ನಿಲ್ಲಿಸಿದ ಗಾಜಿನಲ್ಲಿ ಪ್ರತಿಬಿಂಬ ಮೂಡಿಸಿ ಭೂತ ತೋರಿಸಿದ್ದರು, ಅದೇ ಉಪಾಯ. ಗಾಜಿನ ಬದಲು ಈಗ ತೆಳು ಹಾಳೆ.

ಕೈಯಾಡಿಸುವ ಆಸೆ ಹುಟ್ಟಿಸಿದ್ದು 2002ರ 'ಮೈನಾರಿಟಿ ರಿಪೋರ್ಟ್' ಸಿನಿಮಾ. ಅದಕ್ಕೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜಾನ್ ಅಂಡರ್‌ಕಾಫ್ಲರ್ ಸಲಹೆಗಾರರಾಗಿದ್ದರು. ಕೈಸನ್ನೆಗಳು ಸುಮ್ನೆ ಬಂದವಲ್ಲ, ಯೋಚಿಸಿ ಕಟ್ಟಿದವು. ಅಲ್ಲಿದ್ದದ್ದೂ ಹೋಲೋಗ್ರಾಮ್ ಅಲ್ಲ, ಪಾರದರ್ಶಕ ಪರದೆ. ಪಾರದರ್ಶಕವಾದ್ದರಿಂದ ಕ್ಯಾಮೆರಾಗೆ ನಟನ ಮುಖವೂ ಅವನು ನೋಡುವ ಚಿತ್ರವೂ ಒಟ್ಟಿಗೆ ಸಿಗುತ್ತವೆ. ನೋಡುವವರಿಗೆ ಇದು ತುಂಬಾ ಅನುಕೂಲ. ಕೆಲಸ ಮಾಡುವವನಿಗೆ ಚಿತ್ರದ ಹಿಂದೆ ಗೋಡೆ, ದೀಪ, ಓಡಾಡುವ ಜನ ಎಲ್ಲ ಕಾಣುತ್ತಿದ್ದರೆ ಕಣ್ಣಿಗೆ ಹಿತವೇ?

2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ಕಿನೆಕ್ಟ್, ಅಂದರೆ ಆಡುವವರ ಕೈಕಾಲಿನ ಚಲನೆ ನೋಡಿ ವಿಡಿಯೋ ಗೇಮ್ ನಡೆಸುವ ಕ್ಯಾಮೆರಾ ಸಾಧನ, ಬಂದಾಗ ಈ ಆಸೆಗೆ ಕೈಕಾಲು ಮೂಡಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಯಿತು. ಆಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮಗೆ ಅದು ಹಬ್ಬ. ಕೊನೆ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು ಸೇರಿ ಒಂದನ್ನು ಕೊಂಡೆವು. ಕೈಯಾಡಿಸಿದರೆ ಮೈಸೂರಿನ ನಕ್ಷೆ ಸರಿಯಬೇಕು, ಎರಡು ಕೈ ಅಗಲಿಸಿದರೆ ದೊಡ್ಡದಾಗಬೇಕು. ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಎಲ್ಲ ಸರಿಯಾಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಬಿನ ಕಿಟಕಿಯಿಂದ ಬಿಸಿಲು ಬಿತ್ತು. ಆ ಕಿನೆಕ್ಟ್ ಕೋಣೆಯ ತುಂಬ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಎರಚಿ, ಅವು ಎಷ್ಟು ಸರಿದಿವೆ ಎಂದು ನೋಡಿ ದೂರ ಅಳೆಯುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ. ಚುಕ್ಕಿಗಳೆಲ್ಲ ಮುಳುಗಿಹೋದವು. ಓಡಿಹೋಗಿ ಬೆಡ್‌ಶೀಟ್ ತಂದು ಕಿಟಕಿಗೆ ಕಟ್ಟಿದೆವು. ಮೂರು ನಿಮಿಷ ಕೈ ಎತ್ತಿ ಹಿಡಿದದ್ದಕ್ಕೇ ಭುಜ ನಡುಗತೊಡಗಿತು. ಒಂದು ತೋಳಿನ ತೂಕ ದೇಹದ ಶೇಕಡ 5ರಷ್ಟು. 60 ಕೆಜಿಯವರಿಗೆ ಮೂರು ಕೆಜಿ. ಇದಕ್ಕೆ 1980ರ ದಶಕದ ಟಚ್‌ಸ್ಕ್ರೀನ್ ಕಾಲದಿಂದಲೂ 'ಗೊರಿಲ್ಲಾ ತೋಳು' ಎಂಬ ಹೆಸರಿದೆ. ಆಗ ನಮಗೆ ಅದು ಗೊತ್ತಿರಲಿಲ್ಲ. ಕೊನೆಗೆ ಪರೀಕ್ಷಕರು ಏನೋ ಕೇಳಿದರು. ನಾನು ಎಲ್ಲರ ಹಾಗೆ ಕೈ ಆಡಿಸಿಕೊಂಡೇ ಉತ್ತರ ಹೇಳಿದೆ. ಬೆನ್ನ ಹಿಂದೆ ನಕ್ಷೆ ಚಾಮುಂಡಿ ಬೆಟ್ಟದಿಂದ ಹಾರಿ ಅರಬ್ಬಿ ಸಮುದ್ರಕ್ಕೆ ಹೋಗಿ ನಿಂತಿತ್ತು.

ಭಸ್ಮಾಸುರನ ಕಥೆಯೂ ಇದೇ ಅಲ್ವಾ? ಅವನು ಕುಣಿಯುತ್ತಿದ್ದ, ಆಜ್ಞೆ ಕೊಡುತ್ತಿರಲಿಲ್ಲ. ವರಕ್ಕೆ ಆ ವ್ಯತ್ಯಾಸ ತಿಳಿಯಲಿಲ್ಲ. ಬಟನ್ ಇದ್ದಾಗ ಒತ್ತುವುದೂ ಒತ್ತದಿರುವುದೂ ಬೇರೆ ಬೇರೆ. ಗಾಳಿಯಲ್ಲಿ ಮಾತಿನ ಕೈ, ಸೊಳ್ಳೆ ಓಡಿಸುವ ಕೈ, ಆಜ್ಞೆಯ ಕೈ ಎಲ್ಲ ಒಂದೇ.

ಆ ದಶಕ ಹೀಗೇ ಸಾಗಿತು. 2013ರಲ್ಲಿ ಮೇಜಿನ ಮೇಲಿಟ್ಟು ಬೆರಳಿನ ಚಲನೆ ಗುರುತಿಸುವ ಲೀಪ್ ಮೋಷನ್ ಎಂಬ ಸಾಧನ ಬಂತು. 2017ರಲ್ಲಿ ಕಿನೆಕ್ಟ್ ತಯಾರಿಕೆ ನಿಂತಿತು. 2019ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 4 ಫೋನಿನೊಳಗೆ ಕೈಸನ್ನೆ ಗುರುತಿಸಲು ಪುಟ್ಟ ರೇಡಾರ್ ಇಟ್ಟಿತು. ಅದು 60 ಗಿಗಾಹರ್ಟ್ಸ್ ತರಂಗ ಬಳಸುತ್ತಿತ್ತು. ಆ ತರಂಗಕ್ಕೆ ಆಗ ಇಲ್ಲಿ ಅನುಮತಿ ಇಲ್ಲದ್ದರಿಂದ ಆ ಫೋನ್ ಭಾರತಕ್ಕೆ ಬರಲೇ ಇಲ್ಲ. ಮರುವರ್ಷದ ಪಿಕ್ಸೆಲ್ 5ರಲ್ಲಿ ರೇಡಾರೇ ಇರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಮೂರನೆಯ ಪ್ರಶ್ನೆ, ಕೈಗೆ ತಿಳಿಯಬೇಕಾದದ್ದು. ವೀಣೆ ಶೇಷಣ್ಣನವರ ಊರಿನಲ್ಲಿ ಇದನ್ನು ವೀಣೆಯಿಂದಲೇ ಹೇಳಬಹುದು. ವೀಣೆಗೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು. ನಮ್ಮ ಬೀದಿಯಲ್ಲಿ ವೀಣೆ ಹೇಳಿಕೊಡುವ ಮೇಷ್ಟ್ರ ಎಡಗೈ ಬೆರಳ ತುದಿಯಲ್ಲಿ ತಂತಿ ಕೊರೆದ ಕಪ್ಪು ಗೆರೆಗಳಿವೆ. ಅವರು ಗಮಕಕ್ಕೆ ತಂತಿ ಎಳೆಯುವಾಗ ತಂತಿಯೂ ಬೆರಳನ್ನು ಎಳೆಯುತ್ತದೆ. ಎಷ್ಟು ಎಳೆಯಬೇಕು ಎಂದು ಆ ಬಿಗಿತವೇ ಹೇಳುತ್ತದೆ. ಇನ್ನೊಂದು ಕಡೆ, 1920ರ ಸುಮಾರಿಗೆ ರಷ್ಯಾದಲ್ಲಿ ಲಿಯಾನ್ ಥೆರೆಮಿನ್ ಮುಟ್ಟದೇ ನುಡಿಸುವ ವಾದ್ಯ ಮಾಡಿದರು. ಗಾಳಿಯಲ್ಲಿ ಕೈ ಸರಿಸಿದರೆ ಸ್ವರ. ನೂರು ವರ್ಷವಾದರೂ ಅದನ್ನು ಶ್ರುತಿಶುದ್ಧವಾಗಿ ನುಡಿಸುವವರು ಬೆರಳೆಣಿಕೆಯಷ್ಟು. ಬೆರಳು ನಿಲ್ಲಿಸಲು ಅಲ್ಲಿ ಮೆಟ್ಟಿಲಿಲ್ಲ. ಕಿವಿಗೆ ಕೇಳದ ಅಲ್ಟ್ರಾಸೌಂಡ್ ಅಲೆಗಳಿಂದ ಅಂಗೈಗೆ ಸ್ಪರ್ಶ ತಾಗಿಸುವ ಯಂತ್ರವನ್ನು 2013ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ತೋರಿಸಿದರು. ಆದರೆ ಅದು ತಂಗಾಳಿಯಷ್ಟು ಮೆದು. ಬೆರಳನ್ನು ತಡೆದು ನಿಲ್ಲಿಸುವಷ್ಟು ಬಲ ಅದಕ್ಕಿಲ್ಲ.

ಮಂಡ್ಯ ಕಡೆಯ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರನ್ನು ನೋಡಿ. ಕಣ್ಣು ರೋಲರ್ ಬಿಟ್ಟು ಕದಲುವುದಿಲ್ಲ. ಎಂಜಿನ್ ನಿಲ್ಲಿಸುವ ಹಿಡಿಯನ್ನು ಕೈ ತಾನೇ ಹುಡುಕಿಕೊಳ್ಳುತ್ತದೆ. ಆ ಹಿಡಿ ಗಾಳಿಯಲ್ಲಿ ತೇಲುವ ಚಿತ್ರವಾಗಿದ್ದರೆ ಕಣ್ಣನ್ನು ಅತ್ತ ತಿರುಗಿಸಬೇಕು, ಅಷ್ಟರಲ್ಲಿ ಬೆರಳು ಹೋಗಿರುತ್ತದೆ. ಇದು ಬರೀ ಊಹೆಯಲ್ಲ. 2017ರ ಆಗಸ್ಟಿನಲ್ಲಿ ಸಿಂಗಾಪುರದ ಬಳಿ ಅಮೆರಿಕದ 'ಜಾನ್ ಎಸ್. ಮೆಕೇನ್' ಯುದ್ಧನೌಕೆ ತೈಲದ ಹಡಗಿಗೆ ಡಿಕ್ಕಿಯಾಗಿ 10 ಮಂದಿ ನಾವಿಕರು ಸತ್ತರು. ಚುಕ್ಕಾಣಿ ಯಾವ ಪರದೆಯ ಕೈಯಲ್ಲಿದೆ ಎಂದೇ ಅಲ್ಲಿದ್ದವರಿಗೆ ಗೊಂದಲವಾಗಿತ್ತು. ತನಿಖೆಯ ನಂತರ ನೌಕಾಪಡೆ ಟಚ್‌ಸ್ಕ್ರೀನ್ ಬಿಟ್ಟು ಕೈಯಲ್ಲಿ ಹಿಡಿದು ವೇಗ ಏರಿಳಿಸುವ ಥ್ರಾಟಲ್‌ಗೆ ಮರಳಲು ತೀರ್ಮಾನಿಸಿತು. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆಯಲ್ಲೂ 2026ರಿಂದ ಪೂರ್ತಿ ಅಂಕ ಬೇಕಾದರೆ ಇಂಡಿಕೇಟರ್, ಹಾರ್ನ್, ವೈಪರ್‌ಗಳಿಗೆ ಮುಟ್ಟಿ ಒತ್ತುವ ಬಟನ್ನೋ ಹಿಡಿಯೋ ಇರಬೇಕು. ಗಾಜಿನ ಪರದೆಯ ಮಟ್ಟಿಗೇ ಹೀಗೆ. ಬರಿಗಾಳಿಯಲ್ಲಿ ಆ ಗಾಜೂ ಇರುವುದಿಲ್ಲ.

2024ರಲ್ಲಿ ಬಂದ ಆಪಲ್ ವಿಷನ್ ಪ್ರೋ ಹೆಡ್‌ಸೆಟ್ಟಿನಲ್ಲಿ ಕೈ ಎತ್ತುವ ಕೆಲಸವೇ ಕಡಿಮೆ. ಕಣ್ಣಲ್ಲಿ ನೋಡಿ, ತೊಡೆಯ ಮೇಲಿಟ್ಟ ಕೈಯ ಎರಡು ಬೆರಳು ಕೂಡಿಸಿದರೆ ಸಾಕು. ಅಲ್ಲಿ ಬೆರಳಿಗೆ ಬೆರಳೇ ಬಟನ್.

ಇದಕ್ಕಿಂತ ಹಳೆಯ, ದಿನವೂ ಕೆಲಸ ಮಾಡುತ್ತಿರುವ ಉದಾಹರಣೆ ಯುದ್ಧವಿಮಾನಗಳಲ್ಲಿದೆ. ನಮ್ಮ ತೇಜಸ್ ಪೈಲಟ್ ಮುಂದೆ ಒಂದು ಓರೆ ಗಾಜು ಇರುತ್ತದೆ. ಚಂಡೀಗಢದ ಸಿಎಸ್‌ಐಒ ಸಂಸ್ಥೆ ರೂಪಿಸಿದ ಹೆಡ್‌ಅಪ್ ಡಿಸ್‌ಪ್ಲೇ ಅದು. ವೇಗ, ಎತ್ತರ, ಗುರಿ ಎಲ್ಲ ಹಸಿರು ಗೆರೆಗಳಾಗಿ ದೂರದ ಆಕಾಶದಲ್ಲೇ ಬರೆದ ಹಾಗೆ ಕಾಣುತ್ತವೆ. ಕೆಲವು ದೇಶಗಳ ವಿಮಾನಗಳಲ್ಲಿ ಆ ಗಾಜಿನೊಳಗೆ ನಿಜವಾದ ಹೋಲೋಗ್ರಾಮ್ ಪದರವೇ ಇದೆ. ಆದರೆ ಆ ಗೆರೆಗಳನ್ನು ಯಾರೂ ಬೆರಳಿನಿಂದ ತಳ್ಳುವುದಿಲ್ಲ. ಪೈಲಟ್‌ನ ಒಂದು ಕೈ ವಿಮಾನ ತಿರುಗಿಸುವ ಸ್ಟಿಕ್ ಮೇಲೆ, ಇನ್ನೊಂದು ಥ್ರಾಟಲ್ ಮೇಲೆ. ಬೇಕಾದ ಬಟನ್ನುಗಳೆಲ್ಲ ಆ ಎರಡು ಹಿಡಿಗಳ ಮೇಲೇ ಇವೆ, ನೋಡದೆ ಒತ್ತುವ ಹಾಗೆ.