ಬಸುರಿಯರ ಇಮ್ಯುನಿಟಿ ನಿಜವಾಗ್ಲೂ ಮಂಕಾಗುತ್ತಾ?

ಬೇರೆಯವರ ಕಿಡ್ನಿ ಹಾಕಿಸಿಕೊಂಡವರು ಮಾತ್ರೆ ನುಂಗುತ್ತಲೇ ಇರಬೇಕು. ಬಿಟ್ಟರೆ ದೇಹ ಆ ಕಿಡ್ನಿಯ ಮೇಲೆ ತಿರುಗಿಬೀಳುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಅರ್ಧ ಜೀನುಗಳೂ ಅಪ್ಪನವೇ, ಅಲ್ವಾ? ಆದರೂ ತಾಯಿಯ ದೇಹ ಅದನ್ನು ಒಂಬತ್ತು ತಿಂಗಳು ಇಟ್ಟುಕೊಳ್ಳುತ್ತದೆ. ಇದು ಹೇಗೆ ಅಂತ 1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವಾರ್ ಕೇಳಿದರು. ಬಸಿರಿನಲ್ಲಿ ತಾಯಿಯ ಇಮ್ಯುನಿಟಿ ಮಂಕಾಗುತ್ತದೇನೋ ಅನ್ನುವುದು ಅವರು ಮುಂದಿಟ್ಟ ಊಹೆಗಳಲ್ಲಿ ಒಂದು. ಈಗಲೂ ತುಂಬಾ ಜನ ಹಾಗೇ ನಂಬಿದ್ದಾರೆ.

ಮಂಕಾಗುವುದೇ ಆಗಿದ್ದರೆ ನೆಗೆಟಿವ್ ರಕ್ತದ ಬಸುರಿಯರಿಗೆ ಆಂಟಿ-ಡಿ ಇಂಜೆಕ್ಷನ್ ಯಾಕೆ ಬೇಕಿತ್ತು? ಮಗುವಿನದು ಪಾಸಿಟಿವ್ ಆಗಿದ್ದು, ಅದರ ಸ್ವಲ್ಪ ರಕ್ತ ತಾಯಿಯ ರಕ್ತಕ್ಕೆ ಸೇರಿದರೂ ಸಾಕು, ಆಂಟಿಬಾಡಿ ತಯಾರಾಗಬಹುದು. ಮುಂದಿನ ಮಗುವಿಗೆ ಅದೇ ಕುತ್ತು. ಅದಕ್ಕೇ ಹೆರಿಗೆಯಾದ 72 ಗಂಟೆಯೊಳಗೆ ಆ ಇಂಜೆಕ್ಷನ್ ಕೊಡುವುದು.

ಇನ್ನು ಗರ್ಭಕೋಶದ ಒಳಗೆ ನೋಡಿ. ಮೊದಲ ಮೂರು ತಿಂಗಳಲ್ಲಿ ಅದರ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು 70% ಒಂದೇ ಜಾತಿಯವು. ಹೆಸರು ನ್ಯಾಚುರಲ್ ಕಿಲ್ಲರ್, ಅಂದರೆ ಎನ್‌ಕೆ ಕಣ. ಹೆಸರು ಕೇಳಿ ಹೆದರಬೇಡಿ, ಇಲ್ಲಿ ಇವು ಮಾಡುವ ಕೆಲಸವೇ ಬೇರೆ. ಗರ್ಭಕೋಶಕ್ಕೆ ರಕ್ತ ತರುವ ಸುರುಳಿ ಸುರುಳಿಯಾದ ಸಣ್ಣ ನಾಳಗಳಿವೆ. ಅವುಗಳ ಗೋಡೆಯಲ್ಲಿ ಬಿಗಿಯಾದ ಸ್ನಾಯು ಇರುತ್ತದೆ. ಎನ್‌ಕೆ ಕಣಗಳು ಮೊದಲು ಆ ಸ್ನಾಯುವನ್ನು ಸಡಿಲ ಮಾಡುತ್ತವೆ. ಆಮೇಲೆ ಮಾಸಿನ ಕಣಗಳು ಒಳಗೆ ನುಗ್ಗಿ ಗೋಡೆಯನ್ನೇ ಬದಲಾಯಿಸುತ್ತವೆ. ಬಿಗಿ ನಾಳ ಅಗಲವಾಗುತ್ತದೆ, ರಕ್ತ ನಿಧಾನಕ್ಕೆ ಹರಿದು ಬರುತ್ತದೆ. ಈ ಕೆಲಸ ಅರ್ಧಕ್ಕೇ ನಿಂತರೆ, ಸಸಿಯ ಬುಡಕ್ಕೆ ಪೈಪಿನ ತುದಿ ಒತ್ತಿಹಿಡಿದು ನೀರು ಬಿಟ್ಟ ಹಾಗೆ ರಕ್ತ ಚಿಮ್ಮಿ ಬಂದು ಮಾಸನ್ನೇ ಹಾಳುಮಾಡುತ್ತದೆ. ಮಗು ಸರಿಯಾಗಿ ಬೆಳೆಯುವುದಿಲ್ಲ. ತಾಯಿಗೆ ಬಿಪಿ ಏರಿ ಪ್ರಿಎಕ್ಲಾಂಪ್ಸಿಯಾ ಅನ್ನುವ ಅಪಾಯದ ಕಾಯಿಲೆ ಬರಬಹುದು.

ಕೇಂಬ್ರಿಜ್‌ನ ಆಶ್ಲಿ ಮೊಫೆಟ್ ಮತ್ತು ಅವರ ಜೊತೆಯವರು 2004ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಮಾಸಿನ ಕಣಗಳ ಮೇಲಿನ ಗುರುತನ್ನು ನೋಡಿ ಎನ್‌ಕೆ ಕಣಗಳು ಜಾಸ್ತಿ ತೆಪ್ಪಗಾಗುವಂಥ ಜೀನುಗಳ ಜೋಡಿ ತಾಯಿ-ಮಗುವಿಗೆ ಇದ್ದರೆ, ಪ್ರಿಎಕ್ಲಾಂಪ್ಸಿಯಾ ಜಾಸ್ತಿ. ಅಂದರೆ ಅವು ಸುಮ್ನೆ ಕೂತರೇ ತೊಂದರೆ! ಹಾಗಂತ ತಾಯಿಯ ಇಮ್ಯುನಿಟಿಯನ್ನು ಲಂಗುಲಗಾಮಿಲ್ಲದೆ ಬಿಡುವಂತೆಯೂ ಇಲ್ಲ. ಕಡಿವಾಣ ಹಾಕುವುದಕ್ಕೆ ರೆಗ್ಯುಲೇಟರಿ ಟಿ ಕಣಗಳು ಅನ್ನುವ ಇನ್ನೊಂದು ಜಾತಿಯ ಬಿಳಿ ರಕ್ತಕಣಗಳಿವೆ. ಇಲಿಗಳಲ್ಲಿ ಇವನ್ನು ತೆಗೆದಾಗ, ಬೇರೆ ತಳಿಯ ಗಂಡಿನಿಂದಾದ ಬಸಿರು ಉಳಿಯಲಿಲ್ಲ. ಅದೇ ತಳಿಯದು ಉಳಿಯಿತು.

ಇಷ್ಟು ಗೊತ್ತಿದ್ದ ಮೇಲೂ ಕೆಲವು ಕಡೆ 'ನಿಮ್ಮ ಎನ್‌ಕೆ ಜಾಸ್ತಿ ಇದೆ' ಅಂತ ರಕ್ತ ಪರೀಕ್ಷೆ ತೋರಿಸಿ, ಅದನ್ನು ತಗ್ಗಿಸುತ್ತೇವೆ ಅಂತ ದುಬಾರಿ ಡ್ರಿಪ್ ಹಾಕುತ್ತಾರೆ. ತೋಳಿನಿಂದ ತೆಗೆದ ರಕ್ತದ ಎನ್‌ಕೆ ಕಣಗಳೇ ಬೇರೆ, ಗರ್ಭಕೋಶದವೇ ಬೇರೆ. ನನ್ನ ಕೇಳಿದರೆ ಅದು ದುಡ್ಡು ದಂಡ. ಪದೇ ಪದೇ ಗರ್ಭಪಾತ ಆಗುವವರು ಡಾಕ್ಟರನ್ನು ಕೇಳಬೇಕಾದ್ದು ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ (ರಕ್ತ ಸುಲಭವಾಗಿ ಹೆಪ್ಪುಗಟ್ಟುವಂತೆ ಮಾಡುವ ಆಂಟಿಬಾಡಿ) ಪರೀಕ್ಷೆ. ಕನಿಷ್ಠ 12 ವಾರ ಬಿಟ್ಟು ಎರಡನೇ ಸಲ ಮಾಡಿದಾಗಲೂ ಪಾಸಿಟಿವ್ ಬಂದರೆ, ಮುಂದಿನ ಬಸಿರಿನಲ್ಲಿ ಕಡಿಮೆ ಡೋಸಿನ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತಾರೆ.