ಲೇಪನಕ್ಕೆ ಎಷ್ಟು ಕಾವು: ಆಕ್ಸೈಡ್ ಪದರಗಳ ಹಿನ್ನೆಲೆ

ನಿರ್ವಾತ ಕೋಣೆಯಿಂದ ಆಗಷ್ಟೇ ಹೊರತೆಗೆದ, ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಗಾಜನ್ನು ಬೆಳಕಿಗೆ ಹಿಡಿದರೆ ಅದರಲ್ಲಿ ಒಮ್ಮೊಮ್ಮೆ ನಸುಗಂದು ಛಾಯೆ ಕಾಣುತ್ತದೆ. ಗಾಜಿನ ಮೇಲೆ ಕೂರಿಸಲು ನಿರ್ವಾತದಲ್ಲಿ ಕಾಯಿಸಿದ ಆಕ್ಸೈಡು, ಆವಿಯಾಗುವಾಗ ತನ್ನ ಆಮ್ಲಜನಕದ ಒಂದಂಶವನ್ನು ಕಳೆದುಕೊಂಡಿರುತ್ತದೆ. ಆ ಕೊರತೆಯೇ ಬೆಳಕನ್ನು ಹೀರುತ್ತದೆ. ಅದೇ ಗಾಜನ್ನು ಗಾಳಿಯಾಡುವ ಕುಲುಮೆಯಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿದರೆ ಪದರ ಆಮ್ಲಜನಕವನ್ನು ಮರಳಿ ಪಡೆದು ತಿಳಿಯಾಗುತ್ತದೆ.

ಮಸೂರ, ಕನ್ನಡಿಗಳ ಮೇಲೆ ಬೆಳಕನ್ನು ಹತೋಟಿಯಲ್ಲಿಡುವ ತೆಳು ಪದರ ಕೂರಿಸುವ ಈ ವಿದ್ಯೆಗೆ ಕಾವಿನ ನಂಟು ಮೊದಲಿನಿಂದಲೂ ಇದೆ. 1935ರಲ್ಲಿ ಜರ್ಮನಿಯ ಮಸೂರ ತಯಾರಕ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಗ್ಗಿಸುವ ಲೇಪನಕ್ಕೆ ಪೇಟೆಂಟ್ ಪಡೆದರು. ಇಂಥ ಲೇಪನಕ್ಕೆಂದು ತಣ್ಣನೆಯ ಗಾಜಿನ ಮೇಲೆ ಕೂರಿಸಿದ ಫ್ಲೋರೈಡ್ ಪದರಗಳು ಒರೆಸಿದರೆ ಕಿತ್ತುಬರುವಷ್ಟು ಮೆದುವಾಗಿದ್ದವು. ಗಾಜನ್ನು ಬಿಸಿ ಮಾಡಿ ಲೇಪಿಸತೊಡಗಿದ ಮೇಲೆ ಅವು ಗಟ್ಟಿಯಾದವು. ಆಕ್ಸೈಡ್‌ಗಳಲ್ಲಿ ಕಾವಿನ ಪಾತ್ರ ಇನ್ನೂ ಆಳವಾದದ್ದು. 1950ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಗೇಯೋರ್ಗ್ ಹಾಸ್ ಟೈಟಾನಿಯಂ ಲೋಹದ ಪದರವನ್ನೇ ಗಾಳಿಯಲ್ಲಿ 400 ಡಿಗ್ರಿಗೂ ಮೇಲೆ ಕಾಯಿಸಿ ಅದನ್ನು ಪಾರದರ್ಶಕ ಡೈಆಕ್ಸೈಡ್ ಆಗಿ ಮಾರ್ಪಡಿಸಿದರು. ಅಲ್ಲಿ ಕುಲುಮೆಯೇ ಲೇಪನವನ್ನು ಹುಟ್ಟಿಸಿತು, ಆದ್ದರಿಂದ ಕಾಯಿಸುವುದನ್ನು ಕೊನೆಯ ಒಪ್ಪ ಎಂದಷ್ಟೇ ಬಗೆಯುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಆಮ್ಲಜನಕದ ಕೊರತೆ ಮೊದಲ ತೊಡಕಾದರೆ, ಎರಡನೆಯದು ತೇವದ್ದು. ಆವಿಯಿಂದ ಕೂತ ಪದರ ಒತ್ತೊತ್ತಾಗಿ ನಿಂತ ಸಣ್ಣ ಕಂಬಗಳಂತೆ ಬೆಳೆಯುತ್ತದೆ, ನಡುವೆ ಸಂದುಗಳು ಉಳಿಯುತ್ತವೆ. ಕೋಣೆಗೆ ಗಾಳಿ ಬಿಟ್ಟೊಡನೆ ತೇವ ಆ ಸಂದುಗಳಿಗೆ ನುಗ್ಗಿ, ಸಣ್ಣ ರಂಧ್ರಗಳ ಸುತ್ತ ಬೇರೆ ಬಣ್ಣದ ದುಂಡು ಮಚ್ಚೆಗಳಾಗಿ ಹರಡುತ್ತದೆ. ಇಂಥ ಪದರಗಳಿಂದ ಮಾಡಿದ ಫಿಲ್ಟರು ಆರಿಸಿ ಬಿಡುವ ಬೆಳಕಿನ ತರಂಗಾಂತರವೂ ಜರುಗುತ್ತದೆ. ಕಾಯಿಸಿದರೆ ನೀರು ಹೊರಹೋಗುತ್ತದೆ, ಆದರೆ ಸಂದುಗಳು ಉಳಿದಿದ್ದರೆ ತಣಿದ ಮೇಲೆ ಮತ್ತೆ ಒಳಸೇರುತ್ತದೆ.

ಹಾಗೆಂದು ಕಾವನ್ನು ಏರಿಸುತ್ತಲೇ ಹೋಗುವಂತಿಲ್ಲ. ಅಸ್ಫಟಿಕ, ಅಂದರೆ ಹರಳಿನ ಕ್ರಮಬದ್ಧ ರಚನೆಯಿಲ್ಲದ, ಟೈಟಾನಿಯಂ ಡೈಆಕ್ಸೈಡ್ ಸುಮಾರು 300–400 ಡಿಗ್ರಿಯಲ್ಲಿ ಅನಟೇಸ್ ಎಂಬ ಹರಳಾಗುತ್ತದೆ, ಇನ್ನೂ ಹೆಚ್ಚಿನ ಕಾವಿನಲ್ಲಿ ರೂಟೈಲ್ ಆಗುತ್ತದೆ. ಹರಳುಗಟ್ಟಿದಂತೆ ಪದರ ಸಾಂದ್ರವಾಗಿ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ಏರುತ್ತದೆ, ಆದರೆ ಹರಳುಕಣಗಳ ಅಂಚುಗಳಲ್ಲಿ ಬೆಳಕು ಚದುರುತ್ತದೆ, ಮೇಲ್ಮೈ ಒರಟಾಗುತ್ತದೆ. ಅಯಾನು ಕಿರಣದ ಸ್ಪಟರಿಂಗ್‌ನಿಂದ, ಅಂದರೆ ವಿದ್ಯುದಾವಿಷ್ಟ ಕಣಗಳ ಹೊಡೆತದಿಂದ ವಸ್ತುವಿನ ಪರಮಾಣುಗಳನ್ನು ಸಿಡಿಸಿ ಕೂರಿಸುವ ವಿಧಾನದಿಂದ, ಮಾಡಿದ ದಟ್ಟ ಪದರಗಳ ನಡತೆ ಇದಕ್ಕೆ ತಿರುಗುಮುರುಗು: ಒಳಗೆ ತುಂಬಿದ್ದ ಒತ್ತಡ ಸಡಿಲಗೊಂಡು, ಪದರ ತುಸು ದಪ್ಪವಾಗಿ, ವಕ್ರೀಭವನಾಂಕ ಸ್ವಲ್ಪ ಇಳಿಯುತ್ತದೆ. ಪದರ ಹುಟ್ಟಿದ ಬಗೆ ಗೊತ್ತಿಲ್ಲದೆ ಕುಲುಮೆಯ ಫಲವನ್ನು ಹೇಳಲಾಗದು.

ಈ ಲೆಕ್ಕಾಚಾರ ಅತಿ ಬಿಗಿಯಾಗಿರುವುದು 2015ರಲ್ಲಿ ಗುರುತ್ವ ಅಲೆಯನ್ನು ಮೊದಲು ಗ್ರಹಿಸಿದ ಅಮೆರಿಕದ ವೀಕ್ಷಣಾಲಯ ಲೈಗೊದ ಕನ್ನಡಿಗಳಲ್ಲಿ. ಅವುಗಳ ಸಿಲಿಕಾ ಮತ್ತು ಟ್ಯಾಂಟಲಮ್ ಪೆಂಟಾಕ್ಸೈಡ್ ಪದರಗಳಲ್ಲಿನ ಪರಮಾಣುಗಳ ಅಲುಗಾಟವೇ ಅಳತೆಗೆ ಅಡ್ಡಿಯಾಗುತ್ತದೆ. ಸುಮಾರು 500 ಡಿಗ್ರಿಯಲ್ಲಿ ಕಾಯಿಸಿದರೆ ಪದರದೊಳಗಿನ ಯಾಂತ್ರಿಕ ನಷ್ಟ, ಅಂದರೆ ಈ ಅಲುಗಾಟಕ್ಕೆ ಕಾರಣವಾಗುವ ಒಳಘರ್ಷಣೆ, ತಗ್ಗುತ್ತದೆ. ಟ್ಯಾಂಟಲಮ್ ಪದರಕ್ಕೆ ಬೆರೆಸಿರುವ ಟೈಟಾನಿಯಂ ಡೈಆಕ್ಸೈಡು ಆ ನಷ್ಟವನ್ನು ಇನ್ನಷ್ಟು ಇಳಿಸುತ್ತದೆ. ಮುಂದಿನ ಕನ್ನಡಿಗಳಿಗಾಗಿ ಪರೀಕ್ಷಿಸುತ್ತಿರುವ ಟೈಟಾನಿಯಂ–ಜರ್ಮೇನಿಯಂ ಆಕ್ಸೈಡ್ ಮಿಶ್ರಣವನ್ನು 600 ಡಿಗ್ರಿಯವರೆಗೂ ಹರಳುಗಟ್ಟದಂತೆ ಕಾಯಿಸಬಹುದು.