ಗಾಳಿ ಬೀಸುವ ಬಂದರಿನಲ್ಲಿ ಯಾಚ್ ಕಟ್ಟುವುದು, ಪ್ರವೇಶದ ಅನುಮತಿ ಪಡೆಯುವುದು

ಹೊಸ ದೇಶದ ಮೊದಲ ಬಂದರಿನಲ್ಲಿ ತಪಾಸಣೆ ಮುಗಿಯುವ ತನಕ ಸಾಮಾನ್ಯವಾಗಿ ಯಾರೂ ದಡಕ್ಕೆ ಕಾಲಿಡುವಂತಿಲ್ಲ. ಗಾಳಿ ಜೋರಿದ್ದರೆ ಅಧಿಕಾರಿಗಳ ದೋಣಿ ಹೊರಡುವುದೂ ಇಲ್ಲ. ಕೆಲವೆಡೆ ಕಪ್ತಾನನೇ ಕಚೇರಿಗೆ ಹೋಗಬೇಕಾಗುತ್ತದೆ; ಆಗ ಯಾಚ್ (ಹಾಯಿದೋಣಿ) ನೋಡಿಕೊಳ್ಳಲು ಒಬ್ಬರಿದ್ದರೆ ಪುಣ್ಯ. ಹಾಗಾಗಿ ಕಾಗದದ ಕೆಲಸಕ್ಕೆ ಮುಂಚೆ, ತಾನಾಗಿ ನಿಲ್ಲುವಂತೆ ಯಾಚ್ ಕಟ್ಟಿರಬೇಕು.

ಗಾಳಿಯ ವೇಗ 20 ನಾಟ್‌ನಿಂದ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) 40ಕ್ಕೆ ಏರಿದರೆ ಅದರ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಮಧ್ಯಾಹ್ನ ಅಲುಗಾಡದ ಲಂಗರು ರಾತ್ರಿ ಜಾರುವುದು ಇದರಿಂದಲೇ. ಲಂಗರಿನ ಸರಪಳಿಯ ಉದ್ದ ಲೆಕ್ಕ ಹಾಕುವಾಗ ಬರೀ ಆಳ ಹಿಡಿದರೆ ಸಾಲದು. ಆಳ 8 ಮೀಟರ್, ನೀರಿನಿಂದ ಯಾಚ್‌ನ ಮೂತಿಯಲ್ಲಿ (ಮುಂತುದಿಯಲ್ಲಿ) ಸರಪಳಿ ಹಾಯುವ ರೋಲರ್‌ವರೆಗಿನ ಎತ್ತರ 1.2, ಇನ್ನು ಏರಲಿರುವ ಉಬ್ಬರ 1.8 ಎಂದುಕೊಳ್ಳಿ: ಒಟ್ಟು 11. ಜೋರು ಗಾಳಿಗೆ ಏಳು ಪಟ್ಟು, ಅಂದರೆ 77 ಮೀಟರ್. ಎಂಟನ್ನೇ ಏಳರಿಂದ ಗುಣಿಸಿ 56 ಬಿಟ್ಟವರಿಗೆ ಉಬ್ಬರದ ಹೊತ್ತಿಗೆ ಐದು ಪಟ್ಟಷ್ಟೇ ಉಳಿದಿರುತ್ತದೆ. ಅಷ್ಟು ಉದ್ದ ಬಿಟ್ಟರೆ ಸುತ್ತ ತಿರುಗಲು ಜಾಗವಿದೆಯೇ ಎಂಬುದನ್ನೂ ಮೊದಲೇ ನೋಡಿ.

ಲಂಗರು ತಳ ಮುಟ್ಟಿದ ಮೇಲೆ ಹಿಂದೆ ಸರಿಯುತ್ತಾ ಸರಪಳಿ ಬಿಡಿ. ಒಂದೇ ಕಡೆ ಗುಡ್ಡೆ ಬಿದ್ದರೆ ಲಂಗರಿಗೇ ಸಿಕ್ಕಿಕೊಳ್ಳುತ್ತದೆ. ನಂತರ ಎಂಜಿನ್ ಹಿಮ್ಮುಖವಾಗಿ, ಮೊದಲು ನಿಧಾನ, ಆಮೇಲೆ ಜೋರು, ಒಂದು ನಿಮಿಷ. ಆ ಹೊತ್ತಿನಲ್ಲಿ ಸರಪಳಿಯ ಮೇಲೆ ಅಂಗೈ ಇಡಿ (ಸರಪಳಿ ಎತ್ತಿಳಿಸುವ ವಿಂಡ್ಲಾಸ್ ಯಂತ್ರದಿಂದ ದೂರ). ಗರಗರ ನಡುಕ ಬಂದರೆ ಲಂಗರು ತಳವನ್ನು ಕೆರೆಯುತ್ತಿದೆ ಎಂದರ್ಥ. ದಡದ ಮೇಲಿನ ಎರಡು ಗುರುತುಗಳು ಒಂದೇ ಗೆರೆಯಲ್ಲಿ ಉಳಿದರೆ ಹಿಡಿದಿದೆ. ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾ, ಫಾಕ್‌ಲ್ಯಾಂಡ್ ಕಡೆ ಕೆಲ್ಪ್ ಎಂಬ ಉದ್ದನೆಯ ಕಡಲಕಳೆ ಲಂಗರಿಗೆ ಸುತ್ತಿಕೊಂಡು ಅದನ್ನು ಮಣ್ಣಿಗಿಳಿಯಲು ಬಿಡುವುದಿಲ್ಲ. ಎತ್ತಿ, ಕೊಯ್ದು ತೆಗೆದು, ಬೇರೆ ಜಾಗ ಹುಡುಕುವುದೇ ದಾರಿ.

ಭಾರ ವಿಂಡ್ಲಾಸ್ ಮೇಲೆ ಬೀಳಬಾರದು. ಸರಪಳಿಗೆ 8–10 ಮೀಟರ್ ನೈಲಾನ್ ಹಗ್ಗ ಬಿಗಿದು ಮೂತಿಯ ಕ್ಲೀಟ್‌ಗೆ (ಹಗ್ಗ ಕಟ್ಟುವ ಕೊಂಡಿಗೆ) ಕಟ್ಟಿ. ಅದು ಹಿಗ್ಗಿ ಜಗ್ಗಾಟವನ್ನು ನುಂಗುತ್ತದೆ.

ಮೂರಿಂಗ್ ಬಾಯ್ (ಯಾಚ್ ಕಟ್ಟಲೆಂದು ತಳಕ್ಕೆ ಸರಪಳಿಯಿಂದ ಬಿಗಿದ ತೇಲುಬುರುಡೆ) ಸಿಕ್ಕರೆ ಸುಲಭ ಎನಿಸುತ್ತದೆ, ಆದರೆ ಅದರ ಕೆಳಗಿನ ಸರಪಳಿಯನ್ನು ಕಡೆಯ ಬಾರಿ ಯಾವಾಗ ಪರೀಕ್ಷಿಸಿದ್ದಾರೆಂದು ಬಂದರಿನವರನ್ನು ಕೇಳಿ. ಒಂದೇ ಹಗ್ಗವನ್ನು ಉಂಗುರದೊಳಗೆ ತೂರಿಸಿ ಎರಡು ತುದಿಗಳನ್ನು ಎರಡು ಕ್ಲೀಟ್‌ಗಳಿಗೆ ಕಟ್ಟುವುದು ಕೆಟ್ಟ ಅಭ್ಯಾಸ: ಯಾಚ್ ಅತ್ತಿತ್ತ ಓಲಾಡಿದಂತೆ ಹಗ್ಗ ಉಂಗುರದಲ್ಲಿ ಗರಗಸದಂತೆ ಓಡಾಡಿ ತೇಯುತ್ತದೆ. ಎರಡು ಬೇರೆ ಹಗ್ಗ ಹಾಕಿ. ಉಂಗುರಕ್ಕೆ ಎರಡು ಸುತ್ತು, ಮೇಲೆ ಬೋಲೈನ್ ಗಂಟು (ಜಾರದ ಕುಣಿಕೆ); ಮೂತಿಯ ಅಂಚಿನಲ್ಲಿ ಹಗ್ಗಕ್ಕೆ ರಬ್ಬರ್ ಕೊಳವೆ ತೊಡಿಸಿ. ಮೂತಿ ಎತ್ತರವಾಗಿದ್ದು ಜನ ಕಡಿಮೆಯಿದ್ದರೆ, ಹಿಂಬದಿಯಿಂದ ಬಾಯ್‌ಗೆ ಸರಿದು, ತಗ್ಗಿನ ಹಿಂಭಾಗದಲ್ಲಿ ಹಗ್ಗ ತೂರಿಸಿ ಮೂತಿಗೆ ಒಯ್ಯಿರಿ.

ಧಕ್ಕೆಗೆ (ಹಡಗುಕಟ್ಟೆಗೆ) ಕಟ್ಟುವಾಗ ಗಾಳಿ ನಿಮ್ಮನ್ನು ಆಚೆ ತಳ್ಳುತ್ತಿದ್ದರೆ, ಮೊದಲು ಯಾಚ್‌ನ ನಡುವಿನ ಕ್ಲೀಟ್‌ನಿಂದ ಹಿಂದಿನ ಬೊಲಾರ್ಡ್‌ಗೆ (ಧಕ್ಕೆಯ ಮೇಲಿನ ಮೋಟು ಕಂಬಕ್ಕೆ) ಗಿಡ್ಡ ಹಗ್ಗ. ಎಂಜಿನ್ ನಿಧಾನವಾಗಿ ಮುಂದಕ್ಕೆ, ಚುಕ್ಕಾಣಿ ಧಕ್ಕೆಯಿಂದ ಆಚೆಗೆ. ಯಾಚ್ ಅಂಟಿಕೊಂಡು ನಿಲ್ಲುತ್ತದೆ. ಉಳಿದ ಹಗ್ಗಗಳನ್ನು ನಿಧಾನವಾಗಿ ಕಟ್ಟಬಹುದು.

ಇನ್ನು ಕಾಗದ. ಬಲಗಡೆಯ ಸ್ಪ್ರೆಡರ್ (ಹಾಯಿಕಂಬದ ಅಡ್ಡತೋಳು) ಕೆಳಗೆ ಹಳದಿ ಕ್ಯೂ ಬಾವುಟ: “ಯಾನದಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಪ್ರವೇಶದ ಅನುಮತಿ ಬೇಕು” ಎಂಬ ಅರ್ಥ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಬಂದರನ್ನು ಕರೆದು, ಅವರು ಹೇಳಿದ ಚಾನೆಲ್‌ಗೆ ಬದಲಿಸಿ. ಮುಂಗಡ ಸೂಚನೆಯ ನಿಯಮ ದೇಶಕ್ಕೊಂದು: ನ್ಯೂಜಿಲೆಂಡ್‌ಗೆ ಕನಿಷ್ಠ 48 ಗಂಟೆ, ಆಸ್ಟ್ರೇಲಿಯಾಕ್ಕೆ ಕನಿಷ್ಠ 12 ಗಂಟೆ ಮೊದಲು. ಪಾಸ್‌ಪೋರ್ಟ್, ಯಾಚ್‌ನ ನೋಂದಣಿ, ವಿಮೆ, ಸಿಬ್ಬಂದಿ ಪಟ್ಟಿಯ ಐದಾರು ಪ್ರತಿ, ಔಷಧಿಗಳ ಪಟ್ಟಿ ಎಲ್ಲವೂ ನೀರು ನುಗ್ಗದ ಚೀಲದಲ್ಲಿರಲಿ. ಗಾಳಿಯಲ್ಲಿ ಡಿಂಗಿಯಲ್ಲಿ (ಯಾಚ್‌ನ ಪುಟ್ಟ ದೋಣಿಯಲ್ಲಿ) ಹೋದರೆ ಮೈಯೆಲ್ಲ ಒದ್ದೆಯಾಗುವುದು ಖಾತ್ರಿ. ತಾಜಾ ಹಣ್ಣು, ತರಕಾರಿ, ಮಾಂಸವನ್ನು ಮುಚ್ಚಿಡದೆ ತೋರಿಸಿ. ವಶಪಡಿಸಿಕೊಂಡರೆ ಅಷ್ಟೇ, ಬಚ್ಚಿಟ್ಟರೆ ದಂಡ.

ಕೆಲಸ ಹೆಚ್ಚಾಗಿ ಕೆಡುವುದು ಹಿಂದಿನ ಬಂದರಿನ ನಿರ್ಗಮನ ಪತ್ರವಿಲ್ಲದೆ. ಅದನ್ನು ಹೊರಡುವ ಮುನ್ನವೇ ಮುದ್ರೆ ಹಾಕಿಸಿಕೊಂಡಿರಬೇಕು. ಇಲ್ಲಿಂದ ಹೊರಡುವಾಗಲೂ ಅಷ್ಟೇ. ಅನುಮತಿ ಸಿಕ್ಕ ಮೇಲೆ ಹಳದಿ ಬಾವುಟ ಇಳಿಸಿ. ಅದೇ ಜಾಗದಲ್ಲಿ ಆತಿಥೇಯ ದೇಶದ ಬಾವುಟ ಹಾರಲಿ.